ವಾರಕ್ಕೊಮ್ಮೆ ಮಸೆಯುವ ಉಕ್ಕು

ಎಲ್ಲರ ಬಾಯಲ್ಲಿ ಕಸಿಯಮ್ಮ ಎಂದೇ ಹೆಸರಾದ ಆ ಹೆಂಗಸು ಇಪ್ಪತ್ತೆಂಟು ವರ್ಷಗಳಿಂದ ಒಂದೇ ನರ್ಸರಿಯಲ್ಲಿ ಹಣ್ಣಿನ ಗಿಡಗಳಿಗೆ ಕಸಿ ಕಟ್ಟುತ್ತಿದ್ದಳು. ನೂರು ಕಟ್ಟಿದರೆ ತೊಂಬತ್ತು ಚಿಗುರುತ್ತಿದ್ದವು. ಯಾರಾದರೂ ಕೈಗುಣವೆಂದು ಹೊಗಳಿದರೆ, "ಚಿಗುರಿಸೋದು ದೇವರು, ನಾನು ಪಟ್ಟಿ ಸುತ್ತೋಳು ಅಷ್ಟೇ" ಎಂದು ಮಾತು ಮುಗಿಸುತ್ತಿದ್ದಳು.

ಈಚೆಗೆ ಮಾತ್ರ ನೂರರಲ್ಲಿ ಐವತ್ತೂ ಹಿಡಿಯುತ್ತಿರಲಿಲ್ಲ. ಕಟ್ಟಿದ ಕಡ್ಡಿ ಹತ್ತು ದಿನ ಹಸಿರಾಗಿದ್ದು ಆಮೇಲೆ ಕಪ್ಪಾಗುತ್ತಿತ್ತು. ನರ್ಸರಿಯ ಯಜಮಾನ ಕೆಟ್ಟವನಲ್ಲ. ಅವಳ ಮುಖ ನೋಡದೆ, ಖಾಲಿ ಕುಂಡವೊಂದನ್ನು ನೋಡುತ್ತ ಹೇಳಿದ: "ಮುಂದಿನ ಸಲದ ಕಸಿಯೂ ಹೀಗೇ ಆದ್ರೆ ನೀವು ನೀರು ಹಾಕೋ ಕಡೆ ಬಂದುಬಿಡಿ. ಕಸಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ."

ಕಾರಣ ತನಗೆ ಗೊತ್ತಿದೆಯೆಂದು ಅವಳು ತಿಳಿದಿದ್ದಳು. ಕಸಿಯ ಕಡ್ಡಿ ಕೊಯ್ಯುವ ಅವಳ ಮಡಿಸುವ ಚಾಕುವನ್ನು ಹದಿನಾಲ್ಕು ವರ್ಷ ಪ್ರತಿ ಶನಿವಾರ ಬೆಳಿಗ್ಗೆ ಮಸೆದುಕೊಡುತ್ತಿದ್ದವನು ಬಡಗಿಯಾಗಿದ್ದ ಅವಳ ತಮ್ಮ. ಅವನು ತೀರಿಕೊಂಡು ಎಂಟು ವಾರವಾಗಿತ್ತು; ಅಲ್ಲಿಂದ ಚಾಕು ಕಲ್ಲು ಕಂಡಿರಲಿಲ್ಲ. ಚಾಕುವನ್ನು ತಂದುಕೊಟ್ಟವನೂ ಅವನೇ. "ಉಕ್ಕು ಸಾಲದು ಅಕ್ಕ, ವಾರಕ್ಕೆ ಮೊಂಡಾಗುತ್ತೆ" ಎಂದು ಮೊದಲ ದಿನವೇ ಹೇಳಿದ್ದ. "ಸಾಲದ್ದನ್ನ ಯಾಕೋ ತಂದೆ? ಅಗ್ಗಕ್ಕೆ ಸಿಕ್ತು ಅಂತ ಅಕ್ಕನ ತಲೆಗೆ ಕಟ್ಟಿದ್ಯಾ?" ಎಂದು ಅವಳು ಆವತ್ತು ಶುರುಮಾಡಿದ ಬೈಗುಳ ಕೊನೆಯ ಶನಿವಾರದವರೆಗೂ ನಿಂತಿರಲಿಲ್ಲ. ಅವನು ನಗುತ್ತ, ಜೊತೆಗೆ ತಂದ ಸಾಣೆಕಲ್ಲಿಗೆ ನೀರು ಚಿಮುಕಿಸಿ ಮಸೆಯುತ್ತಿದ್ದ. ಕಾಫಿ ಕುಡಿದು, ನಲ್ಲಿ ಸೋರುತ್ತಿದ್ದರೆ ಬಿಗಿದು, ಹೋಗುತ್ತಿದ್ದ.

ಇನ್ನು ಯಾರ ಹಂಗೂ ಇಲ್ಲದೆ, ಮಸೆಯದೆಯೇ ಬಾಳುವ ಉಕ್ಕಿನ ಚಾಕು ಕೊಳ್ಳಬೇಕೆಂದು ಅವಳು ಪೇಟೆಯ ಚಾಕು ಅಂಗಡಿಗೆ ಹೋದಳು.

ಅಂಗಡಿಯವನು ಮಾತಿನ ಮಲ್ಲ. ಗಾಜಿನ ಮೇಲೆ ಮೂರು ಚಾಕು ಬಿಚ್ಚಿಟ್ಟ. "ಇದು ಪುಡಿಯಿಂದ ಮಾಡಿದ ಉಕ್ಕು ಅಮ್ಮ, ಕಲ್ಲಿನಂಥ ಗಟ್ಟಿ. ತಿಂಗಳುಗಟ್ಟಲೆ ತಿರುಗಿ ನೋಡಬೇಕಿಲ್ಲ. ಆದ್ರೆ ಮೊಂಡಾದ ದಿನ ಮನೆ ಕಲ್ಲಿಗೆ ಜಗ್ಗಲ್ಲ, ನನ್ನ ಹತ್ರಾನೇ ತರಬೇಕು. ಇದು ಸ್ಟೇನ್‌ಲೆಸ್, ಸಾಧು ಸ್ವಭಾವ. ಇದು ಬರೀ ಕಾರ್ಬನ್ ಉಕ್ಕು. ಅಲಗು ಕೂದಲು ಸೀಳುತ್ತೆ, ಆದ್ರೆ ಮುದ್ದಿನ ಸೊಸೆ ಇದ್ದಹಾಗೆ. ಒರೆಸದೆ ಇಟ್ರೆ ತುಕ್ಕು. ಇದು ಮೆದು ಜಾತಿ ಬೇರೆ, ನಿಮ್ಮ ಕೆಲಸಕ್ಕೆ ವಾರಕ್ಕೊಂದು ಸಲ ಕಲ್ಲು ಕಾಣಿಸಲೇಬೇಕು."

"ಮೊದಲನೇದೇ ಕೊಡಿ. ಮಸೆಯೋರು ಇಲ್ಲ ನನಗೆ."

"ಹಳೇದು ತಂದಿದ್ದೀರಾ? ನೋಡೋಣ."

ಅವಳು ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಅಲಗು ಸವೆದು ಸವೆದು ಒಣಗಿದ ಹುಲ್ಲಿನ ಎಸಳಿನಂತಾಗಿತ್ತು. ಅಂಗಡಿಯವನು ಕಣ್ಣಿಗೆ ಭೂತಗನ್ನಡಿ ಏರಿಸಿದ. ಆಮೇಲೆ ಒಂದು ತೆಳು ಕಾಗದವನ್ನು ಗಾಳಿಯಲ್ಲಿ ಹಿಡಿದು ಚಾಕು ಎಳೆದ. ಕಾಗದ ಸದ್ದಿಲ್ಲದೆ ಎರಡಾಯಿತು.

"ಮಸೆದು ಎಷ್ಟು ದಿನ ಆಯ್ತು?"

"ಎಂಟು ವಾರ."

"ಅಲಗು ಮೊಂಡಾಗಿಲ್ಲ ಅಮ್ಮ. ತೆಳ್ಳಗಾಗಿ ಬಾಗ್ತಿದೆ, ಅದಕ್ಕೇ ನಿಮ್ಮ ಕೊಯ್ತ ಸಮ ಬರ್ತಿಲ್ಲ. ಕಡ್ಡಿಗೂ ಗಿಡಕ್ಕೂ ನಡುವೆ ಸಂದು ಉಳಿಯುತ್ತೆ, ಕಸಿ ಕೂರಲ್ಲ. ಎಷ್ಟು ದಿನಕ್ಕೊಂದು ಸಲ ಮಸೀತಿದ್ರಿ?"

"ವಾರಕ್ಕೊಂದು ಸಲ. ಉಕ್ಕು ಸಾಲದು ಅಂತ."

"ಯಾವ ಪುಣ್ಯಾತ್ಮ ಹೇಳಿದ್ದು? ಆ ಕಾಲಕ್ಕೆ ಇದಕ್ಕಿಂತ ಒಳ್ಳೇ ಉಕ್ಕು ಪೇಟೇಲಿರಲಿಲ್ಲ. ಮೂರು ತಿಂಗಳಿಗೊಮ್ಮೆ ಮಸೆದಿದ್ರೆ ನಿಮ್ಮ ಮೊಮ್ಮಕ್ಕಳಿಗೂ ಆಗ್ತಿತ್ತು. ಬಡಗಿಗಳನ್ನ ಕೇಳಿ, ಅವರಿಗೆ ಇದೆಲ್ಲ ಗೊತ್ತಿರುತ್ತೆ."

ಚಾಕು ಬಂದದ್ದು ಕಸಿಯಮ್ಮನ ಗಂಡ ತೀರಿಕೊಂಡ ವರ್ಷ. ವಿಚಾರಿಸಿಕೊಳ್ಳಲು ಬಂದವರಿಗೆಲ್ಲ ಅವಳು ಬಾಗಿಲಲ್ಲೇ ಹೇಳುತ್ತಿದ್ದಳು: "ನಾನು ಚೆನ್ನಾಗೇ ಇದ್ದೀನಿ. ನನ್ನ ನೋಡೋಕೆ ಯಾರೂ ಬರಬೇಕಾಗಿಲ್ಲ." ತಮ್ಮನಿಗೂ ಹಾಗೆಯೇ ಹೇಳಿದ್ದಳು. ಮರುವಾರ ಅವನು ಚಾಕು ಹಿಡಿದು ಬಂದ. ಆಮೇಲೆ ಅವನು ಅವಳನ್ನು ನೋಡಲು ಬರಲೇ ಇಲ್ಲ, ಚಾಕು ಮಸೆಯಲು ಬರುತ್ತಿದ್ದ. ಹದಿನಾಲ್ಕು ವರ್ಷದ ಬೈಗುಳವನ್ನು ಕಾಫಿಯ ಜೊತೆ ಹೊಟ್ಟೆಗೆ ಹಾಕಿಕೊಂಡಿದ್ದ.

ಅವಳು ಗಾಜಿನ ಮೇಲಿನ ಚಾಕುಗಳನ್ನು ನೋಡುತ್ತ ನಿಂತಳು. ಈಗ 'ಯಾರೂ ಬರಬೇಕಾಗಿಲ್ಲ' ಎಂಬ ಅದೇ ಮಾತನ್ನು ತಮ್ಮನ ಹೆಂಡತಿ ಹೇಳುತ್ತಿದ್ದಳು. ಕಸಿಯಮ್ಮ ಎರಡು ಸಲ ಹೋಗಿ ಅರ್ಧ ತೆರೆದ ಬಾಗಿಲ ಮುಂದೆ ನಿಂತು ಮಾತಾಡಿ ಬಂದಿದ್ದಳು. ತಮ್ಮನ ಸಾಣೆಕಲ್ಲು ಆ ಮನೆಯಲ್ಲಿತ್ತು. ಅವನಿಗೆ ಕೆಲಸ ಹೆಚ್ಚಾದಾಗ ಉಳಿಗಳನ್ನು ಮಸೆಯುತ್ತಿದ್ದವಳೂ ಅವನ ಹೆಂಡತಿಯೇ.

ತಮ್ಮನಿಗೆ ಸುಳ್ಳು ಸಲೀಸಾಗಿ ಬರುತ್ತಿತ್ತು. ದಿನಾ ಎರಡು ಹೊತ್ತು ದೇವರ ಮುಂದೆ ಕೈಮುಗಿದು ಕೂರುವ ಕಸಿಯಮ್ಮನಿಗೆ ಅದು ಬಾರದು. ಆದ್ದರಿಂದ ಸುಳ್ಳು ಹೇಳಬೇಕಾಗದಂಥ ಉಕ್ಕು ಬೇಕಾಗಿತ್ತು.

"ಮೂರನೇದು ಕೊಡಿ," ಎಂದಳು.

"ಮಸೆಯೋರು ಇಲ್ಲ ಅಂದ್ರಿ?"

"ಇದ್ದಾರೆ."

ಒಂದು ವಾರ ಅವಳು ಅದರಲ್ಲಿ ಕಸಿ ಕಟ್ಟಿದಳು. ಕೊಯ್ತ ಸಮ ಬಂತು, ಕಡ್ಡಿ ಗಿಡಕ್ಕೆ ಅಂಟಿ ಕೂತಿತು. ಕಸಿ ಹಿಡಿಯಿತೋ ಇಲ್ಲವೋ ತಿಳಿಯಲು ಇನ್ನೂ ದಿನಗಳಿದ್ದವು. ಶುಕ್ರವಾರದ ಹೊತ್ತಿಗೆ ಅಲಗು ತೊಗಟೆಯಲ್ಲಿ ಸಿಕ್ಕಿಕೊಳ್ಳತೊಡಗಿದಾಗ, ಅಂಗಡಿಯವನು ಸುಳ್ಳಾಡಿರಲಿಲ್ಲವೆಂದು ಅವಳಿಗೆ ಸಮಾಧಾನವಾಯಿತು.

ಶನಿವಾರ ಬೆಳಿಗ್ಗೆ ತಮ್ಮನ ಮನೆಯ ಬಾಗಿಲು ತಟ್ಟಿದಳು. ಬಾಗಿಲು ಅರ್ಧ ತೆರೆಯಿತು.

"ನಾನು ಚೆನ್ನಾಗೇ ಇದ್ದೀನಿ ಅತ್ತಿಗೆ. ನೀವ್ಯಾಕೆ ಸುಮ್ನೆ..."

"ನಿನ್ನ ನೋಡೋಕೆ ಯಾರು ಬಂದ್ರು? ಚಾಕು ಮೊಂಡಾಗಿದೆ. ಕಲ್ಲು ನಿಮ್ಮನೇಲಿದೆ."

ತಮ್ಮನ ಹೆಂಡತಿ ಚಾಕು ಬಿಚ್ಚಿ ಹೆಬ್ಬೆರಳ ಉಗುರಿನ ಮೇಲೆ ಅಲಗು ಇಟ್ಟು ನೋಡಿದಳು. ಮುಖ ಗಂಟಿಕ್ಕಿದಳು.

"ಹೊಸದಲ್ವಾ ಇದು? ವಾರಕ್ಕೇ ಹೀಗಾಗಿದೆ! ಇಷ್ಟು ವರ್ಷ ಚಾಕು ಹಿಡಿದವರಿಗೆ ಉಕ್ಕು ನೋಡಿ ತಗೊಳ್ಳೋಕೆ ಬರಲಿಲ್ವಾ? ಯಾರೋ ನಿಮ್ಮ ತಲೆಗೆ ಕಟ್ಟಿದ್ದಾರೆ."

"ನಾನೇ ಆರಿಸಿದ್ದು."

"ಚೆನ್ನಾಗಿ ಆರಿಸಿದ್ರಿ! ಇದನ್ನ ವಾರ ವಾರ ಮಸೀಬೇಕು, ಗೊತ್ತಾ?"

"ಅಂಗಡಿಯವನೂ ಹಾಗೇ ಅಂದ."

ತಮ್ಮನ ಹೆಂಡತಿ ಅವಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಾಗಿಲನ್ನು ಪೂರ್ತಿ ತೆಗೆದು ಒಳಗೆ ಹೋಗಿ, ಗೊಣಗುತ್ತಲೇ ಕಲ್ಲನ್ನು ನೀರಿಗೆ ಹಾಕಿದಳು. ಅದು ನೆನೆಯುವವರೆಗೂ ಬೈಗುಳ ನಡೆಯಿತು. ಕಸಿಯಮ್ಮ ಬಡಗಿಯ ಮಣೆಯ ಮೇಲೆ ಕೂತು, ಒಂದು ಮಾತೂ ಎದುರಾಡದೆ ಕೇಳಿಸಿಕೊಂಡಳು.