ತಮ್ಮನ ಫೋನಿಗೆ ಬರುವ ಕೋಡ್

ನನ್ನ ಬ್ಲಾಗು ಪಾಚಿಯ ಬಗ್ಗೆ. ಹೌದು, ಪಾಚಿಯೇ. ಗೋಡೆಯ ಮೇಲೆ, ನೀರಿನ ಟ್ಯಾಂಕಿನ ಬುಡದಲ್ಲಿ, ಮೆಟ್ಟಿಲ ಸಂದಿಯಲ್ಲಿ ಬೆಳೆಯುತ್ತದಲ್ಲ, ಕಾಲಿಟ್ಟರೆ ಜಾರಿ ಬೀಳಿಸುತ್ತದಲ್ಲ, ಅದೇ. ಬಗ್ಗಿ ನೋಡಿದವರಿಗೆ ಗೊತ್ತು, ಅಂಗೈಯಗಲದಲ್ಲಿ ಒಂದು ಕಾಡೇ ಇರುತ್ತದೆ. ಬಗ್ಗದವರ ಜೊತೆ ವಾದ ಮಾಡುವ ತ್ರಾಣ ನನಗೀಗ ಉಳಿದಿಲ್ಲ. "ಜನ ಪಾಚಿ ಕೆರೆದು ಬಿಸಾಕ್ತಾರೆ, ನಮ್ಮಕ್ಕ ಅದಕ್ಕೆ ಫೋಟೊ ತೆಗೆದು ಹೆಸರಿಡ್ತಾಳೆ" ಎಂದು ತಮ್ಮ ನಗುತ್ತಿದ್ದ. ನಗುತ್ತಲೇ ಬ್ಲಾಗು ಕಟ್ಟಿಕೊಟ್ಟವನೂ ಅವನೇ.

ಬರೆಯುವುದೇನು ಮಹಾ. ಬರೆದದ್ದು ನಾಳೆಯೂ ಅಲ್ಲೇ ಇರುವಂತೆ ನೋಡಿಕೊಳ್ಳುವುದಿದೆಯಲ್ಲ, ಅದು ಪ್ರಾಣ ಹಿಂಡುತ್ತದೆ. ಒಂದನ್ನು ಅಪ್‌ಡೇಟ್ ಮಾಡಿದರೆ ಇನ್ನೊಂದು ಕೆಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೊನ್ನೆ ಹುಡುಕುವ ಪೆಟ್ಟಿಗೆ ಸರಿಮಾಡಲು ಹೋಗಿ ಚಿತ್ರಗಳೆಲ್ಲ ಪುಟದ ಎಡಕ್ಕೆ ವಾಲಿಕೊಂಡವು. ಕಾಮೆಂಟುಗಳಂತೂ ಕೇಳಲೇಬೇಡಿ. "ತಮ್ಮ ಲೇಖನ ಅದ್ಭುತ" ಎಂದು ಶುರುವಾಗಿ ಬೋಳು ತಲೆಗೆ ಎಣ್ಣೆ ಮಾರುವುದರಲ್ಲಿ ಮುಗಿಯುತ್ತವೆ. ಮೊದಮೊದಲು "ಅದ್ಭುತ"ದವರೆಗೆ ಓದಿ ಹಿಗ್ಗುತ್ತಿದ್ದೆ. ಈಗ ಓದದೆಯೇ ಸಾಲುಸಾಲಾಗಿ ಅಳಿಸುತ್ತೇನೆ. ಬ್ಯಾಕಪ್ ತೆಗೆಯಬೇಕು, ಜಾಗ ತುಂಬಿತೆಂದರೆ ಖಾಲಿ ಮಾಡಬೇಕು, ತಾಣದ ವಿಳಾಸದ ಪಕ್ಕ ಕಾಣುವ ಬೀಗದ ಗುರುತಿನ ಸರ್ಟಿಫಿಕೇಟು ಹಳತಾಯಿತೆಂದರೆ ಹೊಸದು ಹಾಕಬೇಕು. ಇಲ್ಲದಿದ್ದರೆ ಬಂದವರಿಗೆಲ್ಲ "ಈ ತಾಣ ಅಪಾಯಕಾರಿ" ಎಂದು ಕೆಂಪಕ್ಷರದ ಬೋರ್ಡು. ಪಾಚಿಯಿಂದ ಯಾರಿಗೇನಪ್ಪಾ ಅಪಾಯ?

ಹೊಟ್ಟೆಪಾಡಿಗೆ ನಾನು ಲ್ಯಾಬೊಂದರಲ್ಲಿ ರಕ್ತ ತೆಗೆಯುವವಳು. ದಿನವಿಡೀ ನಿಂತು, ಕಾಣದ ನರಗಳನ್ನು ಬೆರಳಲ್ಲಿ ತಡಕಿ ಹುಡುಕಿ, ಹೆದರಿದವರಿಗೆ "ಇರುವೆ ಕಚ್ಚಿದ ಹಾಗೆ ಅಷ್ಟೇ" ಎಂದು ಅದೇ ಸುಳ್ಳನ್ನು ಹೇಳಿ ಹೇಳಿ, ಸಂಜೆ ಮನೆಗೆ ಬರುವಾಗ ಕಾಲುಗಳು ಕಂಬವಾಗಿರುತ್ತವೆ. ಆ ಕಾಲನ್ನು ಎದುರಿನ ಸ್ಟೂಲಿನ ಮೇಲೆ ಚಾಚಿ, ಲ್ಯಾಪ್‌ಟಾಪು ತೆರೆದು ಕೂರುತ್ತೇನೆ. ಹವ್ಯಾಸವಂತೆ! ಸಂಬಳವಿಲ್ಲದ ಎರಡನೇ ಕೆಲಸ ಎನ್ನಿ.

ಮೊದಲು ಹೀಗಿರಲಿಲ್ಲ. ನಾನು ಬರೆಯುತ್ತಿದ್ದೆ, ಫೋಟೊ ಹಾಕುತ್ತಿದ್ದೆ, ಮಿಕ್ಕಿದ್ದನ್ನೆಲ್ಲ ತಮ್ಮ ನೋಡಿಕೊಳ್ಳುತ್ತಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು. ಯಂತ್ರ ಅಂದರೆ ಅವನಿಗೆ ನೀರು ಕುಡಿದಷ್ಟು ಸುಲಭ. ಭಾನುವಾರ ಬಂದು, ಬ್ಲಾಗಿನ ಹೊಟ್ಟೆಯೊಳಗೆ ಕೈಹಾಕಿ ಅದೇನೋ ತಿರುಪಿ, ಊಟ ಮಾಡಿ, ದಿವಾನದ ಮೇಲೆ ಗೊರಕೆ ಹೊಡೆದು ಹೋಗುತ್ತಿದ್ದ.

ಎರಡು ವರ್ಷದ ಹಿಂದೆ ನನಗೆ ಹೇಳದೆ ಕೇಳದೆ ಒಂದು ಕೆಲಸ ಮಾಡಿದ. ಪುಟ ತೆರೆದುಕೊಳ್ಳಲು ತಡವಾಗುತ್ತದೆಂದು ಬ್ಲಾಗಿನಲ್ಲಿದ್ದ ಚಿತ್ರಗಳನ್ನೆಲ್ಲ ಕುಗ್ಗಿಸಿಬಿಟ್ಟ. ಬೇರೆಯವರ ಬ್ಲಾಗಾದರೆ ಅದು ಜಾಣತನವೇ. ಆದರೆ ಪಾಚಿಯಲ್ಲಿ ಇರುವುದೇ ಆ ಕೂದಲೆಳೆಯಂಥ ಕಾಂಡ, ಸಾಸಿವೆಗಿಂತ ಸಣ್ಣ ಟೊಪ್ಪಿಗೆ. ಅದೇ ಹೋದ ಮೇಲೆ ಉಳಿದದ್ದೇನು? ಹಸಿರು ಕಲೆ. ಎಷ್ಟೋ ವರ್ಷ ಮಂಡಿ ಊರಿ, ಉಸಿರು ಬಿಗಿಹಿಡಿದು ತೆಗೆದ ಚಿತ್ರಗಳು ಒರೆಸುವ ಬಟ್ಟೆಯ ಹಾಗೆ ಕಾಣುತ್ತಿದ್ದವು. ಬ್ಲಾಗಿನಲ್ಲಿವೆಯಲ್ಲ ಎಂದು ನಾನು ಮೂಲ ಚಿತ್ರಗಳನ್ನು ಫೋನಿನಿಂದ ಆಗಾಗ ಅಳಿಸುತ್ತಿದ್ದೆ. ಹಳೆಯ ಬ್ಯಾಕಪ್ಪಿನ ಮೇಲೆ ಅವನು ಆಗಲೇ ಹೊಸದನ್ನು ತುಂಬಿಯಾಗಿತ್ತು.

ಅವನ ಮನೆಗೇ ಹೋಗಿ, ಅವನ ಹೆಂಡತಿ, ಅವಳ ಅಪ್ಪ ಅಮ್ಮ ಎಲ್ಲರ ಎದುರೇ ಬೈದೆ. "ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ" ಎಂದೆ. ಅವನ ಮುಖ ಕಪ್ಪಿಟ್ಟಿತು. "ಇನ್ಮೇಲೆ ನಿನ್ನ ಪಾಚಿ ನೀನೇ ನೋಡ್ಕೋ" ಎಂದು ಎದ್ದು ಒಳಗೆ ಹೋದ. ಈಗಲೂ ಹೇಳುತ್ತೇನೆ, ತಪ್ಪು ಅವನದೇ. ಆದರೆ ತಪ್ಪು ಯಾರದಾದರೇನು, ಭಾನುವಾರಗಳು ನಿಂತುಹೋದವು.

ಒಂದೇ ಒಂದು ಎಳೆ ಹರಿಯದೆ ಉಳಿಯಿತು. ಬ್ಲಾಗಿನೊಳಗೆ ಹೋಗಬೇಕಾದರೆ ಗುಪ್ತಪದ ಸಾಲದು, ಆರು ಅಂಕಿಯ ಕೋಡ್ ಬೇಕು. ಕಟ್ಟಿದವನು ಅವನಾದ್ದರಿಂದ ಆ ಕೋಡು ಅವನ ಫೋನಿಗೆ ಬರುತ್ತದೆ. ನಾನು "ಕೋಡ್" ಎಂದು ಮೆಸೇಜು ಕಳಿಸುತ್ತೇನೆ. ಅವನು ಆರು ಅಂಕಿ ಕಳಿಸುತ್ತಾನೆ. ಅಕ್ಕ ಅನ್ನುವುದಿಲ್ಲ, ಊಟ ಆಯಿತಾ ಅನ್ನುವುದಿಲ್ಲ. ನಾನೂ ಅನ್ನುವುದಿಲ್ಲ. ನಮ್ಮ ಮೆಸೇಜುಗಳನ್ನು ಯಾರಾದರೂ ಓದಿದರೆ ಇವರಿಬ್ಬರು ಕಳ್ಳಸಾಗಣೆಯವರೇ ಇರಬೇಕು ಅಂದುಕೊಂಡಾರು. ಆದರೆ ಆ ಕೋಡಿಗೆ ಆಯಸ್ಸು ಕೆಲವೇ ನಿಮಿಷ, ಮೀರಿದರೆ ಸತ್ತುಹೋಗುತ್ತದೆ. ಹೆಂಡತಿ ಕರೆದರೂ ಓಗೊಡದ ನನ್ನ ತಮ್ಮ, ನನ್ನ ಕೋಡನ್ನು ಒಂದು ಸಲವೂ ಸಾಯಲು ಬಿಟ್ಟಿರಲಿಲ್ಲ.

ಅದಕ್ಕೇ ನಾನು ಬೇಕೆಂದೇ ಪ್ರತಿಸಲ ಹೊರಗೆ ಬಂದು, ಪ್ರತಿಸಲ ಹೊಸದಾಗಿ ಒಳಗೆ ಹೋಗುತ್ತಿದ್ದೆ. ಮಾಡಲು ಕೆಲಸವಿಲ್ಲದಿದ್ದರೂ ಒಂದು ಅಲ್ಪವಿರಾಮ ತಿದ್ದುವ ನೆಪದಲ್ಲಿ ಕೋಡು ಕೇಳುತ್ತಿದ್ದೆ. ನಾಚಿಕೆಗೇಡು ಎನ್ನಿ, ಹಾಗೇ ಇರಲಿ.

ಹೀಗಿರುವಾಗ ಬ್ಲಾಗಿಗೆ ಜಾಗ ಕೊಟ್ಟ ಕಂಪನಿಯಿಂದ ಮೇಲ್ ಬಂತು. ಮುಂದಿನ ತಿಂಗಳಿಂದ ಮೆಸೇಜಿನಲ್ಲಿ ಕೋಡ್ ಕಳಿಸುವುದಿಲ್ಲವಂತೆ. ಪ್ರತಿಯೊಬ್ಬರೂ ತಮ್ಮ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡು, ಪರದೆಯ ಮೇಲಿನ ಕ್ಯೂಆರ್ ಚೌಕುಳಿ ಚಿತ್ರವನ್ನು ಅದಕ್ಕೆ ತೋರಿಸಬೇಕು. ಆಮೇಲೆ ಕೋಡು ಆ ಫೋನಿನಲ್ಲೇ ಹುಟ್ಟುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ. ತುಂಬ ಸುಲಭ, ತುಂಬ ಸುರಕ್ಷಿತ ಎಂದು ಬರೆದಿದ್ದರು. ಯಾರನ್ನೂ ಕೇಳಬೇಕಾಗಿಲ್ಲವಂತೆ. ಇವರ ಸುಲಭಕ್ಕಿಷ್ಟು ಬೆಂಕಿ ಹಾಕ.

ದಿನ ದೂಡಿದೆ. ಕಂಪನಿಯವರು ನೆನಪಿನ ಮೇಲ್ ಕಳಿಸಿದರು, ಮತ್ತೂ ಕಳಿಸಿದರು. ತಿಂಗಳು ಮುಗಿಯುತ್ತ ಬಂದಾಗ ಲ್ಯಾಬಿಗೆ ತಮ್ಮನ ಹೆಂಡತಿ ಬಂದಳು. ಸುಸ್ತು ಅಂತ ಡಾಕ್ಟರು ರಕ್ತ ಪರೀಕ್ಷೆ ಬರೆದಿದ್ದರಂತೆ. ಬೇರೆ ಲ್ಯಾಬುಗಳಿದ್ದವು. ಬೇಕೆಂದೇ ಇಲ್ಲಿಗೆ ಬಂದಿದ್ದಾಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ಮುಷ್ಟಿ ಬಿಗಿ ಹಿಡಿ" ಎಂದು ತೋಳಿಗೆ ಪಟ್ಟಿ ಕಟ್ಟಿದೆ.

"ಅತ್ತಿಗೆ, ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬಾರದು."

"ಸೂಜಿ ನನ್ನ ಕೈಲಿದೆ. ನೋಡ್ಕೊಂಡು ಹೇಳು."

ನಕ್ಕಳು. ಆಮೇಲೆ ನಗಲಿಲ್ಲ. "ಅವರು ಫೋನ್ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಾರೆ. ಸ್ನಾನಕ್ಕೆ ಹೋದ್ರೂ ಬಾಗಿಲ ಹತ್ರ ಇಟ್ಟು, 'ಅಕ್ಕನ ಕೋಡ್ ಬಂದ್ರೆ ಕೂಗು' ಅಂತಾರೆ. ಮೊನ್ನೆ ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಸಿಗ್ನಲ್ ಸಿಗ್ಲಿಲ್ಲ ಅಂತ ಕೆಲಸ ಬಿಟ್ಟು ಮೇಲೆ ಹತ್ತಿ ಬಂದು, ಸಾಹೇಬರ ಹತ್ರ ಬೈಸ್ಕೊಂಡ್ರಂತೆ. ಅವರಿಗೂ ಸಾಕಾಗಿದೆ ಅತ್ತಿಗೆ. ಆದ್ರೆ ಬಾಯಿ ಬಿಟ್ಟು ಹೇಳಲ್ಲ. ನಿಮ್ಮ ತಮ್ಮ ಅಲ್ವಾ."

ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಅಷ್ಟು ವರ್ಷದ ಅಭ್ಯಾಸ. ರಕ್ತ ತೆಗೆದು, ಹತ್ತಿ ಒತ್ತಿ, "ಎರಡು ನಿಮಿಷ ಕೈ ಮಡಚಿಕೊಂಡಿರು" ಎಂದೆ. ಅವಳು ಹೋದ ಮೇಲೆ ಮುಂದಿನವರನ್ನು ಕರೆಯುವುದನ್ನೇ ಮರೆತು ಗೋಡೆ ನೋಡುತ್ತ ನಿಂತಿದ್ದೆ.

ಮರುದಿನ ರಜೆ ಹಾಕಿದೆ. "ಕೋಡ್" ಎಂದು ಟೈಪ್ ಮಾಡಿ, ಕಳಿಸದೆ ಅಳಿಸಿದೆ. ಇದೊಂದು ಕೊನೆಯ ಕೋಡು ತರಿಸಿಕೊಂಡು ಆ್ಯಪನ್ನು ನನ್ನ ಫೋನಿಗೇ ಹಾಕಿಕೊಂಡರೆ ಕಥೆ ಮುಗಿಯಿತು. ಅವನಿಗೂ ಬಿಡುಗಡೆ, ನನಗೂ. ಆದರೆ ಆಮೇಲೆ ಅವನಿಗೆ ಮೆಸೇಜು ಕಳಿಸಲು ಯಾವ ನೆಪವಿದೆ? ಆ್ಯಪನ್ನು ಅವನ ಫೋನಿಗೇ ಹಾಕಿಸುವುದು ಎಂದು ತೀರ್ಮಾನಿಸಿದೆ. ಅವನಿಗೆ ಸಾಕಾಗಿದ್ದರೂ ಸರಿ. ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿಕೊಂಡು ಹೊರಟೆ.

ಅವನ ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿತ್ತು. ಊರಿನ ಲಿಫ್ಟೆಲ್ಲ ಸರಿಮಾಡುವವನ ಮನೆಯ ಲಿಫ್ಟಿಗೆ ದಿಕ್ಕಿಲ್ಲ! ದೀಪದ ಬುಡ ಕತ್ತಲೆ ಎಂದು ಗೊಣಗುತ್ತ ನಾಲ್ಕನೇ ಮಹಡಿ ಹತ್ತಿದೆ. ಬಾಗಿಲಿಗೆ ಬೀಗ. ಇಬ್ಬರೂ ಕೆಲಸದಿಂದ ಬಂದಿರಲಿಲ್ಲ. ವಾಪಸು ಇಳಿಯಲು ಮಂಡಿ ಒಪ್ಪಲಿಲ್ಲ, ಮೆಟ್ಟಿಲ ಮೇಲೇ ಕೂತೆ. ಯಾರ ಮನೆಯಿಂದಲೋ ಕುಕ್ಕರ್ ಕೂಗುತ್ತಿತ್ತು. ಕೆಳಗಿನಿಂದ ಹತ್ತಿ ಬಂದವರೊಬ್ಬರು ಯಾರೀಕೆ ಎಂಬಂತೆ ನೋಡಿ, ಕಾಲು ಎತ್ತಿ ದಾಟಿ ಹೋದರು.

ಸಂಜೆಯ ಹೊತ್ತಿಗೆ ಉಪಕರಣದ ಚೀಲ ಹೊತ್ತು ಅವನು ಬಂದ. ತಿರುವಿನಲ್ಲಿ ನನ್ನನ್ನು ಕಂಡು ನಿಂತ. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಎರಡು ವರ್ಷದಲ್ಲಿ ಇಷ್ಟೊಂದಾ ಅಂದುಕೊಂಡೆ.

"ಅಕ್ಕಾ? ಏನಾಯ್ತು?"

"ಏನೂ ಆಗಿಲ್ಲ. ಕೋಡ್ ಮೆಸೇಜ್ ನಿಲ್ಲಿಸ್ತಾರಂತೆ. ಇನ್ಮೇಲೆ ಆ್ಯಪ್ ಅಂತೆ. ನಿನ್ನ ಫೋನಿಗೆ ಹಾಕ್ಕೋ, ಎರಡು ನಿಮಿಷದ ಕೆಲಸ."

"ನಿನ್ನ ಫೋನಿಗೇನು ರೋಗ?"

"ಕಟ್ಟಿದವನು ನೀನು, ನಿನ್ನ ಹತ್ರಾನೇ ಇರ್ಲಿ."

ಅವನು ಚೀಲ ಕೆಳಗಿಟ್ಟು, ಬಟ್ಟೆಯ ತುಂಡಿನಲ್ಲಿ ಕೈಯ ಗ್ರೀಸು ಒರೆಸಿಕೊಂಡ. ಬೆರಳು ಬೆರಳನ್ನೂ ಒರೆಸಿದ.

"ಬೇಡಕ್ಕ. ನನಗೆ ಸಾಕಾಗಿದೆ. ಎರಡು ವರ್ಷ ಈ ಫೋನು ಕೈಬಿಟ್ಟಿಲ್ಲ ನಾನು. ಲಿಫ್ಟಿನ ಮೇಲೆ ನೇತಾಡ್ಕೊಂಡೂ ಕಳಿಸಿದೀನಿ. ಒಂದ್ಸಲ, ಒಂದೇ ಒಂದ್ಸಲ ಹೇಗಿದೀಯೋ ಅಂತ ಕೇಳಿದ್ಯಾ?"

"ನೀನು ಕೇಳಿದ್ಯಾ?" ನನ್ನ ದನಿ ಮೆಟ್ಟಿಲುಗಳಲ್ಲೆಲ್ಲ ಮೊಳಗಿತು. "ಅಷ್ಟು ಸಾಕಾಗಿದ್ರೆ ನನ್ನ ನಂಬರಿಗೆ ಬದಲಾಯಿಸಿ ಕೈ ತೊಳ್ಕೋಬೇಕಿತ್ತು. ಅದು ನಿನ್ನ ಕೈಲೇ ಇತ್ತಲ್ಲ. ಯಾಕೆ ಬದಲಾಯಿಸ್ಲಿಲ್ಲ?"

"ಬದಲಾಯಿಸಿದ್ರೆ ನೀನು ಬದುಕಿದೀಯೋ ಇಲ್ವೋ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ನಾನು ಚೀಲದಿಂದ ಲ್ಯಾಪ್‌ಟಾಪು ತೆಗೆದು ತೊಡೆಯ ಮೇಲಿಟ್ಟುಕೊಂಡೆ.

ಅವನೇ ಬಗ್ಗಿ ನನ್ನ ತೊಡೆಯ ಮೇಲಿನ ಲ್ಯಾಪ್‌ಟಾಪು ತೆಗೆದುಕೊಂಡ. ಗೋಡೆಗೊರಗಿ ನಿಂತು, ಮೊಣಕೈ ಮೇಲೆ ಅದನ್ನಿಟ್ಟುಕೊಂಡು, ಅವನ ಫೋನಿಗೆ ಬಂದ ಕೊನೆಯ ಕೋಡನ್ನು ತಾನೇ ಒತ್ತಿದ. ಆಮೇಲೆ ಕೈ ಚಾಚಿದ. ನಾನು ನನ್ನ ಫೋನು ಕೊಟ್ಟೆ. ಬೇಡ ಅನ್ನುವ ಹಠವೂ ನನ್ನಲ್ಲಿ ಉಳಿದಿರಲಿಲ್ಲ. ಅವನು ಆ್ಯಪ್ ಇಳಿಸಿಕೊಂಡು ಚೌಕುಳಿ ಚಿತ್ರ ತೋರಿಸಿದ. ನನ್ನ ಫೋನಿನಲ್ಲಿ ಆರು ಅಂಕಿ ಮೂಡಿತು, ಕ್ಷಣ ಬಿಟ್ಟು ಬೇರೆ ಆರು ಮೂಡಿತು.

"ಆಯ್ತು. ಇನ್ನು ನಿನ್ನ ಪಾಚಿಗೆ ನಾನು ಬೇಕಾಗಿಲ್ಲ" ಎಂದು ಎರಡನ್ನೂ ನನ್ನ ಕೈಗಿತ್ತ.

"ಪಾಚಿಗೆ ಬೇಕಾಗಿಲ್ಲ. ನನಗೆ ಬೇಕು ಕಣೋ" ಎಂದೆ.

ಅವನು ಜೇಬಿನಲ್ಲಿ ಬೀಗದ ಕೈ ಹುಡುಕಿದ. ಸಿಕ್ಕಿತು, ಆದರೆ ಬಾಗಿಲ ಕಡೆ ಹೋಗಲಿಲ್ಲ.

"ಹೇಗಿದೀಯ ಅಕ್ಕಾ?"

ಚೆನ್ನಾಗಿದೀನಿ ಅನ್ನಬಹುದಿತ್ತು, ಎಲ್ಲರಿಗೂ ಹಾಗೇ ಅನ್ನುತ್ತೇನೆ. "ತುಂಬ ಸುಸ್ತಾಗಿದೀನಿ" ಎಂದೆ.

"ನಾನೂ" ಎಂದು ಅವನು ಅಲ್ಲೇ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತ.