ನಾಲ್ಕನೇ ಜ್ವರ

ಅರ್ಪಿತ ಮಗುವಿನ ತೊಡೆಯ ಸಂದಿಗೆ ಕೈ ತೂರಿಸಿ ಬಟ್ಟೆ ಮುಟ್ಟಿದಳು. ಒಣಗಿತ್ತು. ಗಡಿಯಾರ ನೋಡಿದಳು. ಹತ್ತು ದಾಟಿ ಐದು ನಿಮಿಷ. ಮತ್ತೆ ಕೈ ತೂರಿಸಿದಳು. ಅದೇ ಬಟ್ಟೆ, ಹಾಗೆಯೇ ಇತ್ತು.

ಏಳು ತಿಂಗಳ ಮಗುವಿಗೆ ಜ್ವರ ಬಂದು ಇದು ಎರಡನೆಯ ದಿನ. ಆಗಷ್ಟೇ ಬಂದು ಹೋದ ಆಶಾ ಕಾರ್ಯಕರ್ತೆ ಸರಳಾ, ಡಾಕ್ಟರು ನಿನ್ನೆ ಬರೆದುಕೊಟ್ಟ ಹನಿಯನ್ನು ಹೇಳಿದ ಹೊತ್ತಿಗೆ ಹಾಕಬೇಕು, ಎದೆಹಾಲನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬಾರದು ಎಂದಿದ್ದಳು. ಹನ್ನೆರಡರೊಳಗೆ ಬಟ್ಟೆ ಒದ್ದೆಯಾಗದಿದ್ದರೆ ಮುಳಬಾಗಲಿನ ಆಸ್ಪತ್ರೆಗೆ ಹೊರಟುಬಿಡಿ ಎಂದೂ ಹೇಳಿದ್ದಳು. ಗಂಡ ನಂದಕುಮಾರ್ ಬೈಕನ್ನು ಬಾಗಿಲಿಗೆ ತಂದು ನಿಲ್ಲಿಸಿದ್ದ.

ಬಟ್ಟೆ ಒಣಗಿದ್ದು ಯಾಕೆಂದು ಅರ್ಪಿತಳಿಗೆ ಗೊತ್ತಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಅತ್ತೆ ಭಾರತಮ್ಮ ಮಗುವನ್ನು ಎತ್ತಿಕೊಂಡು, ನೀನು ಮಲಗು, ನಾನಿದ್ದೀನಿ ಎಂದಿದ್ದಳು. ಅರ್ಪಿತ ಎದ್ದಾಗ ಒಂಬತ್ತು. ಅಲ್ಲಿಯವರೆಗೆ ಮಗುವಿಗೆ ಹಾಲಿಲ್ಲ, ಹನಿಯಿಲ್ಲ. ಎಬ್ಬಿಸಲಿಲ್ಲ ಯಾಕೆ ಎಂದು ಕೇಳಿದ್ದಕ್ಕೆ ಅತ್ತೆ ಮೆಲುದನಿಯಲ್ಲಿ, ಬುದ್ಧಿ ಹೇಳುವಂತೆ ಹೇಳಿದ್ದಳು:

"ಜ್ವರದಲ್ಲಿರೋದಕ್ಕೆ ಸೊಪ್ಪು ಹಾಕ್ತಾರೇನಮ್ಮ? ಮುಟ್ಟದೆ ಬಿಟ್ರೆ ತಾನಾಗೇ ಏಳುತ್ತೆ."

ಹಾಲು ಎನ್ನುವಲ್ಲಿ ಸೊಪ್ಪು ಎಂದದ್ದು ಅತ್ತೆಗೆ ಗೊತ್ತೇ ಆಗಲಿಲ್ಲ.

ಹಿತ್ತಲಿನ ಹುಳುಮನೆಯಲ್ಲಿ ರೇಷ್ಮೆಹುಳುಗಳೂ ಜ್ವರದಲ್ಲಿದ್ದವು. ಹುಳು ಪೊರೆ ಬಿಡುವುದಕ್ಕೆ ಈ ಕಡೆ ಜ್ವರ ಎಂದೇ ಹೆಸರು. ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಬರುತ್ತದೆ, ಇದು ನಾಲ್ಕನೆಯದು. ಆಗ ಹಿಪ್ಪುನೇರಳೆ ಸೊಪ್ಪು ಹಾಕುವುದನ್ನು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ, ಬಾಗಿಲು ಮುಂದಕ್ಕೆಳೆದು ಬಿಡಬೇಕು. ಹುಳುಗಳು ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿರುತ್ತವೆ. ಆಮೇಲೆ ಏಳುತ್ತವೆ. ಭಾರತಮ್ಮ ಮೂವತ್ತು ವರ್ಷ ಹೀಗೆ ಏಳಿಸಿದ್ದಳು. ಅವಳ ಕೈಯ ಹುಳು ಕೆಟ್ಟಿಲ್ಲ ಎಂದು ಬೈರಕೂರಿನ ತನಕ ಮಾತಿತ್ತು.

"ಮಗೂನೂ ಹುಳಾನೂ ಒಟ್ಟಿಗೇ ಜ್ವರಕ್ಕೆ ಕೂತವೆ, ನಮ್ಮನೇಲಿ ಎಲ್ಲಾ ಒಂದೇ ಲಾಟು" ಎಂದು ನಂದಕುಮಾರ್ ನಿನ್ನೆ ನಗಿಸಲು ನೋಡಿದ್ದ. ಅವನಮ್ಮ ಮಾತ್ರ ಹೌದು ಎಂದು ತಲೆಯಾಡಿಸಿದ್ದಳು.

ಅರ್ಪಿತ ಮಗುವನ್ನು ಎದೆಗೆ ಹಿಡಿದಳು. ಅದು ಬಾಯಿಟ್ಟು, ಬಿಟ್ಟು, ಮುಖ ತಿರುಗಿಸಿತು. ಬಾಯಿ ಬಿಸಿಯಾಗಿತ್ತು. ಲೋಟಕ್ಕೆ ಹಾಲು ಹಿಂಡಿಕೊಂಡು ಒಳಲೆಯಿಂದ ಹನಿಹನಿಯಾಗಿ ತುಟಿಯ ಮೂಲೆಗೆ ಬಿಟ್ಟಳು. ಅರ್ಧ ಕುತ್ತಿಗೆಗೆ ಇಳಿಯಿತು. ಒರೆಸಿದಳು. ಮತ್ತೆ ಬಿಟ್ಟಳು. ಉಗುರುಬೆಚ್ಚನೆಯ ನೀರಲ್ಲಿ ಬಟ್ಟೆ ಅದ್ದಿ ಕಂಕುಳು, ಕುತ್ತಿಗೆ, ಅಂಗಾಲು ಒರೆಸಿದಳು. ಯಾರದೋ ಕೈ ಕೆಲಸ ಮಾಡುತ್ತಿದೆ, ತಾನು ಪಕ್ಕದಲ್ಲಿ ಕೂತಿದ್ದೇನೆ ಅನಿಸಿತು. ಅಳು ಬರಲಿಲ್ಲ. ಬಂದರೆ ಒಳ್ಳೆಯದೇನೋ ಎಂದುಕೊಂಡಳು, ಅದನ್ನೂ ಮರೆತಳು.

ಹನ್ನೊಂದಕ್ಕೆ ಒಣಗಿತ್ತು. ಹನ್ನೊಂದು ಕಾಲಿಗೂ. ಮಗುವಿನ ಎರಡು ಅಂಗಿ, ಟವೆಲು, ತಾಯಿ ಕಾರ್ಡು ಚೀಲಕ್ಕೆ ಹಾಕಿದಳು. ಮತ್ತೆ ಒಳಲೆ ಹಿಡಿದಳು. ಈ ಸಲ ಮಗು ನುಂಗಿತು. ಇನ್ನೊಂದು ಒಳಲೆ. ಅದನ್ನೂ ನುಂಗಿತು. ಆಮೇಲೆ ತಾನೇ ಎದೆಗೆ ಬಾಯಿ ಹಾಕಿ, ಸಣ್ಣಗೆ, ನಿಲ್ಲಿಸಿ ನಿಲ್ಲಿಸಿ ಕುಡಿಯಿತು.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಅವಳ ತೊಡೆ ಬಿಸಿಯಾಯಿತು. ಕೈ ತೂರಿಸಿದಳು. ಒದ್ದೆ. ಸೀರೆಯೂ ಒದ್ದೆ. ಬಾಗಿಲಲ್ಲಿದ್ದ ನಂದಕುಮಾರನಿಗೆ ಕೈ ತೋರಿಸಿದಳು. ಅವನು ಬೈಕಿನ ಕೀಲಿಯನ್ನು ಜೇಬಿಗೆ ಹಾಕಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವಳು ಬಟ್ಟೆ ಬದಲಿಸಿದಳು. ಸೀರೆ ಹಾಗೇ ಇತ್ತು.

ಹಿತ್ತಲಿನಿಂದ ಭಾರತಮ್ಮ ಬಂದಳು. ಹುಳು ಎದ್ದಿದ್ದವು, ಒಂದೂ ಹಿಂದೆ ಬಿದ್ದಿರಲಿಲ್ಲ. ಅದನ್ನು ಹೇಳಿ, ಸುಣ್ಣದ ಕೈಯನ್ನು ತೊಳೆದು, ಸೆರಗಿಗೆ ಒರೆಸಿ, ಸೊಸೆಯ ಮುಂದೆ ಕೂತಳು. ಒಣಗಲು ಹರವಿದ ಬಟ್ಟೆಯನ್ನು ನೋಡಿದಳು. ಚೀಲವನ್ನೂ ನೋಡಿದಳು. ಆಮೇಲೆ ಎರಡೂ ಕೈ ಚಾಚಿದಳು.

"ಕೊಡಮ್ಮ ನನ್ ಬಂಗಾರಾನ. ಎರಡು ತುತ್ತು ತಿಂದು ಮಲಕ್ಕೋ. ಈ ಸಲ ಹಾಲಿಗೆ ಎಬ್ಬಿಸ್ತೀನಿ."

ಅರ್ಪಿತ ಆ ಕೈಗಳನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಇನ್ನೂ ಸುಣ್ಣವಿತ್ತು.

"ಕೊಡಲ್ಲ ಅತ್ತೆ" ಎಂದಳು.