ಒಂದು ಲೋಟದ ತೂಕ

ನಾನು ಒಂದು ಕೈಗಡಿಯಾರ. ಸ್ಟೀಲಿನ ಮೈ, ಸ್ಟೀಲಿನ ಚೈನು, ದಪ್ಪ ಗಾಜು. ಹುಟ್ಟಿದ್ದು ಒಂದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ಬಿಳಿ ಕೋಟು ತೊಟ್ಟ ಹೆಣ್ಣುಮಗಳೊಬ್ಬಳು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಿಂದ ನನ್ನ ಹೊಟ್ಟೆಯೊಳಗೆ ಒಂದೊಂದೇ ಚಕ್ರ ಇಳಿಸಿದಳು. ಕೊನೆಗೆ ಅರ್ಧಚಂದ್ರದ ಆಕಾರದ ಲೋಹದ ತುಂಡೊಂದನ್ನು ಕೂರಿಸಿ ಮುಚ್ಚಳ ಬಿಗಿದಳು. ಕೈ ಆಡಿದರೆ ಆ ತುಂಡು ತಿರುಗುತ್ತದೆ, ಅದು ತಿರುಗಿದರೆ ನನಗೆ ಕೀಲಿ ಬೀಳುತ್ತದೆ. ಸೆಲ್ಲು ಹಾಕುವ ರಗಳೆಯಿಲ್ಲ, ಕಟ್ಟಿಕೊಂಡು ಓಡಾಡಿದರೆ ಸಾಕು. ಕಟ್ಟಿಕೊಳ್ಳದೆ ಮೂಲೆಗೆ ಹಾಕಿದರೆ ನಿಂತುಬಿಡುತ್ತೇನೆ. ಇದನ್ನು ಹಟ ಎನ್ನಿ, ಸ್ವಭಾವ ಎನ್ನಿ, ನನಗೇನೂ ಬೇಜಾರಿಲ್ಲ.

ಇಷ್ಟೆಲ್ಲ ಹೊಟ್ಟೆಗೆ ಹಾಕಿಕೊಂಡ ಮೇಲೆ ಮೈ ಭಾರವಾಗದೆ ಇರುತ್ತದೆಯೇ? ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ನನ್ನ ಪಕ್ಕದಲ್ಲಿದ್ದವೆಲ್ಲ ಚರ್ಮದ ಪಟ್ಟಿಯ, ಬಿಸ್ಕತ್ತಿನಷ್ಟು ತೆಳ್ಳಗಿನ ಗಡಿಯಾರಗಳು. ಬಂದವರು ನನ್ನನ್ನು ಎತ್ತಿ ನೋಡಿ, ಹುಬ್ಬೇರಿಸಿ, ಕೆಳಗಿಟ್ಟು, ಅವುಗಳಲ್ಲಿ ಒಂದನ್ನು ಕೊಂಡು ಹೋಗುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಕೊನೆಗೂ ನನ್ನನ್ನು ಮೆಚ್ಚಿದವರು ದಾವಣಗೆರೆಯ ಚನ್ನವೀರಪ್ಪ. ಅವರದು ಪಾತ್ರೆ ಅಂಗಡಿಯಲ್ಲಿ ಕೆಲಸ. ಮದುವೆಗೋ ಗೃಹಪ್ರವೇಶಕ್ಕೋ ಉಡುಗೊರೆ ಕೊಡುವ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು ಕೊರೆಯುತ್ತಾರಲ್ಲ, ಆ ಕೆಲಸ. ಮಗಳು ದಾಕ್ಷಾಯಣಿಯ ಮದುವೆ ನಿಶ್ಚಯವಾಗಿತ್ತು. ಅಳಿಯನಿಗೆ ವಾಚು ಕೊಡಬೇಕು, ಅದು ಪದ್ಧತಿ. ಅಂಗಡಿಯವನು ಬಗೆಬಗೆಯ ವಾಚು ತೆಗೆದು ಮುಂದಿಟ್ಟ. ಚನ್ನವೀರಪ್ಪನವರು ಮುಳ್ಳು ನೋಡಲಿಲ್ಲ, ಬಣ್ಣ ನೋಡಲಿಲ್ಲ. ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು ಹಿಡಿದು ತೂಗಿ ತೂಗಿ ನೋಡಿದರು. ಕೊಡ, ಕೊಳಗ, ಹಂಡೆ ಎಲ್ಲವನ್ನೂ ತೂಕದ ಮೇಲೆ ಮಾರುವ ಅಂಗಡಿಯಲ್ಲಿ ತಲೆ ನರೆತವರು. ತೂಕ ಇದ್ದರೆ ಗಟ್ಟಿ ಮಾಲು, ಇಲ್ಲದಿದ್ದರೆ ತಗಡು. ವಾಚಿಗೂ ಅದೇ ನ್ಯಾಯ ಎಂದುಕೊಂಡರು, ಪುಣ್ಯಾತ್ಮರು.

"ಇದನ್ನ ಕೊಡ್ರಿ," ಎಂದರು ನನ್ನನ್ನು ತೋರಿಸಿ. "ಕೊಟ್ಟಿದ್ದು ಕೈಗೆ ಗೊತ್ತಾಗ್ಬೇಕು."

ನನಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು. ಮದುವೆಯ ದಿನ ಅಳಿಯ ಕೊಟ್ರೇಶನ ಕೈಗೆ ಏರಿದೆ. ಏರಿದ ಮೇಲೆ ಗೊತ್ತಾಯಿತು, ಆ ಕೈ ನುಗ್ಗೆಕಾಯಿಯಷ್ಟು ಸಣ್ಣ. ಅವನು ಕೈ ಎತ್ತಿದರೆ ನಾನು ಮೊಣಕೈ ಕಡೆಗೆ ಜಾರುತ್ತಿದ್ದೆ, ಇಳಿಸಿದರೆ ಬಂದು ಮಣಿಕಟ್ಟಿನ ಮೂಳೆಗೆ ಬಡಿಯುತ್ತಿದ್ದೆ. ಪಾಪ, ರಿಪೇರಿಯವನ ಹತ್ತಿರ ಹೋಗಿ ಚೈನಿನ ಎರಡು ಕೊಂಡಿ ತೆಗೆಸಿದ. ಜಾರುವುದು ನಿಂತಿತು, ಅರ್ಧ ಭಾರ ಇಳಿದ ಹಾಗಾಯಿತು. ಕೈಯನ್ನು ದಣಿಸುವುದು ಬರೀ ತೂಕವಲ್ಲ, ಸಡಿಲವಾಗಿ ತೊನೆಯುವ ತೂಕ ಎಂದು ನನಗೂ ಅಂದೇ ತಿಳಿದದ್ದು. ಆದರೆ ಉಳಿದರ್ಧ ಎಲ್ಲಿ ಹೋಗಬೇಕು?

ಕೊಟ್ರೇಶನಿಗೆ ಹರಿಹರದ ಒಂದು ಸಹಕಾರ ಸಂಘದಲ್ಲಿ ಕೆಲಸ, ದಿನವಿಡೀ ಕಂಪ್ಯೂಟರಿನ ಮುಂದೆ ಟೈಪು. ಮೇಜಿನ ಅಂಚಿಗೆ ಮಣಿಕಟ್ಟು ಊರಿದರೆ ನನ್ನ ಪಕ್ಕದ ಗುಂಡಿ ಅವನ ಹಸ್ತಕ್ಕೆ ಚುಚ್ಚುತ್ತಿತ್ತು. ಸಂಜೆ ನನ್ನನ್ನು ಬಿಚ್ಚಿದಾಗ ಆ ಜಾಗದಲ್ಲಿ ಕೆಂಪು ಗುಳಿ. ಅವನು ಅದನ್ನು ಉಜ್ಜಿಕೊಳ್ಳುತ್ತ ಹೆಂಡತಿಗೆ ತೋರಿಸಿದ.

"ಬೇಡಿ ಹಾಕಿದಂಗೆ ಆಗ್ತೈತಿ ಕಣೆ."

"ಅಪ್ಪಾಜಿ ಬಂದಾಗ ಆದ್ರೂ ಹಾಕ್ಕಳ್ರಿ," ಎಂದಳು ದಾಕ್ಷಾಯಣಿ. "ಬಂದ ಕೂಡ್ಲೇ ನಿಮ್ಮ ಕೈನೇ ನೋಡ್ತಾರೆ."

ಅಂದಿನಿಂದ ನನ್ನ ವಾಸ ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ, ನುಸಿ ಗುಳಿಗೆಯ ವಾಸನೆಯಲ್ಲಿ. ನಾನೂ ಬಿಗುಮಾನದಿಂದ ನಿಂತುಬಿಟ್ಟೆ. ಮಾವನ ದನಿ ಬಾಗಿಲಲ್ಲಿ ಕೇಳಿದ ಕೂಡಲೇ ಕೊಟ್ರೇಶ ಒಳಗೆ ಓಡಿ ಬಂದು ನನ್ನನ್ನು ಕಟ್ಟಿಕೊಳ್ಳುತ್ತಿದ್ದ. ಮಾವ ಗಂಟೆ ಎಷ್ಟು ಎಂದು ಕೇಳಿದರೆ ನನ್ನ ಕಡೆ ಮುಖ ಮಾಡಿ, ಕಣ್ಣು ಮಾತ್ರ ಗೋಡೆ ಗಡಿಯಾರದ ಮೇಲಿಟ್ಟು ಹೇಳುತ್ತಿದ್ದ. ಇಂಥ ನಾಟಕಕ್ಕೆ ನಾನು ಸಾಮಾನು.

ಅಂಥದೇ ಒಂದು ದಿನ, ಅಳಿಯನ ಕೈಮೇಲೆ ಕೂತಲ್ಲಿಂದಲೇ ನಾನು ಮಾವನ ಕೈ ನೋಡಿದೆ. ಅವರ ಬಲಗೈಯಲ್ಲಿದ್ದ ಚಹಾದ ಬಸಿ ಕಟಕಟ ಸದ್ದು ಮಾಡುತ್ತಿತ್ತು. ಅವರು ಬಸಿಯನ್ನು ಬೇಗ ಎಡಗೈಗೆ ದಾಟಿಸಿದರು. ದಾಕ್ಷಾಯಣಿಯೂ ನೋಡಿದಳು.

ಒಂದು ಬೆಳಿಗ್ಗೆ ಕೊಟ್ರೇಶನಿಗೆ ಸಾಕಾಗಿ ಹೋಯಿತು. ಸುಳ್ಳು ಎಷ್ಟು ದಿನ ಆಡುವುದು ಎಂದು ನನ್ನನ್ನು ಜೇಬಿಗೆ ಹಾಕಿಕೊಂಡು ನೇರ ಪಾತ್ರೆ ಅಂಗಡಿಗೆ ಹೋದ. ಹೋದ ಗಳಿಗೆ ಸರಿಯಿರಲಿಲ್ಲ. ಅಂಗಡಿಯ ಮಾಲೀಕ ಮುರಿಗೆಪ್ಪನವರು ಚನ್ನವೀರಪ್ಪನವರ ಮುಂದೆ ನಿಂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

"ಬ್ಯಾಸರ ಮಾಡ್ಕಬ್ಯಾಡ್ರಿ ಚನ್ನವೀರಣ್ಣ. ಹೆಸರು ಸೊಟ್ಟ ಆಗೈತಿ ಅಂತ ಮತ್ತೊಂದು ಕೊಡ ವಾಪಸ್ ಬಂತು. ಯುಗಾದಿ ಆದ್ಮೇಲೆ ಮದ್ವೆ ಶುರು. ಅಷ್ಟರಾಗೆ ಕೈ ನಡುಕ ನಿಲ್ಲದಿದ್ರೆ ಹೆಸರು ಕೊರಿಯಾಕೆ ಕಂಪ್ಯೂಟರ್ ಮೆಷಿನ್ ತರಿಸ್ತೀನಿ. ನೀವು ಗಿರಾಕಿ ಮಾತಾಡಿಸ್ಕಂಡು ಆರಾಮಾಗಿ ಕೂತ್ಕಳ್ರಿ."

ಮುರಿಗೆಪ್ಪ ಕೆಟ್ಟವರಲ್ಲ. ಕೆಲಸ ಬಿಡಿಸುತ್ತೇನೆ ಎನ್ನಲಿಲ್ಲ. ಆದರೆ ಚನ್ನವೀರಪ್ಪನವರಿಗೆ ಅಕ್ಷರ ಹೋದರೆ ಎಲ್ಲ ಹೋದ ಹಾಗೆ. ಊರಿನ ಅರ್ಧ ಅಡುಗೆಮನೆಗಳಲ್ಲಿ ಅವರ ಅಕ್ಷರ ಇತ್ತು. ಯಾರ ಮನೆಗೆ ಊಟಕ್ಕೆ ಹೋದರೂ ನೀರಿನ ಪಾತ್ರೆ ತಿರುಗಿಸಿ, ತಮ್ಮ ಕೈಬರಹ ಕಂಡರೆ ಅದನ್ನು ಹೆಬ್ಬೆರಳಿನಿಂದ ಒಮ್ಮೆ ಸವರುವ ಮನುಷ್ಯ. ಅವರು ತಲೆ ತಗ್ಗಿಸಿ "ಆಗ್ಲಿ" ಎಂದಷ್ಟೇ ಹೇಳಿದರು. ಜೇಬಿನೊಳಗಿದ್ದ ನನಗೂ ಸಂಕಟವಾಯಿತು.

ಮುರಿಗೆಪ್ಪ ಆಚೆ ಹೋದ ಮೇಲೆ ಕೊಟ್ರೇಶ ಹತ್ತಿರ ಹೋದ. ತಂದ ಮಾತನ್ನು ವಾಪಸ್ ಒಯ್ಯಲಾರದೆ ಹೇಳಿಯೇಬಿಟ್ಟ.

"ಮಾವಾರ, ಈ ವಾಚು ನನ್ ಕೈಗೆ ಭಾರ ಆಗ್ತೈತ್ರಿ. ನೀವು ಬಂದಾಗ ಮಾತ್ರ ಕಟ್ಕಂತಿದ್ದೆ."

ಚನ್ನವೀರಪ್ಪನವರು ನನ್ನನ್ನು ಇಸಿದುಕೊಂಡರು. ಎದ್ದು ಹೋಗಿ ಅಂಗಡಿಯ ತಕ್ಕಡಿಯ ಒಂದು ತಟ್ಟೆಯಲ್ಲಿ ನನ್ನನ್ನು ಇಟ್ಟರು. ಇನ್ನೊಂದು ತಟ್ಟೆಗೆ ತೂಕದ ಕಲ್ಲು ಹುಡುಕದೆ ಕೈಗೆ ಸಿಕ್ಕ ದಪ್ಪನೆಯ ಸ್ಟೀಲ್ ಲೋಟವನ್ನೇ ಇಟ್ಟರು. ಮುಳ್ಳು ಒಂದಿಷ್ಟು ತೂಗಾಡಿ ನಡುವೆ ನಿಂತಿತು. ಅವರಿಗೆ ನಗು ತಡೆಯಲಾಗಲಿಲ್ಲ.

"ನಿಮ್ಮ ಕೈಗೆ ದಿನಾ ಒಂದು ಲೋಟ ಕಟ್ಟಿ ಕಳಿಸ್ದಂಗಾತಲ್ರಿ ಅಳಿಯಾರ. ಮೊದ್ಲೇ ಹೇಳಬಾರ್ದಿತ್ತಾ?"

ಅಷ್ಟರಲ್ಲಿ ಗಿರಾಕಿಯೊಬ್ಬರು ತಟ್ಟೆಯೊಂದನ್ನು ಹಿಡಿದು, ಬಸ್ಸಿಗೆ ಹೊತ್ತಾಯಿತು, ಬೇಗ ಹೆಸರು ಹಾಕಿಕೊಡಿ ಎಂದು ಅವಸರ ಮಾಡಿದರು. ಮೇಜಿನ ತುಂಬ ಪಾತ್ರೆ. ನನ್ನನ್ನು ಎಲ್ಲಿಡುವುದೆಂದು ತೋಚದೆ ಚನ್ನವೀರಪ್ಪನವರು ತಮ್ಮ ಬಲಗೈಗೇ ಸಿಕ್ಕಿಸಿಕೊಂಡರು. ಎಡಗೈಗೆ ತಟ್ಟೆ ಒತ್ತಿ ಹಿಡಿಯುವ ಕೆಲಸವಿತ್ತು. ಎರಡು ಕೊಂಡಿ ಕಡಿಮೆಯಾಗಿದ್ದರಿಂದ ಅವರ ಕೈಗೆ ನಾನು ಬಿಗಿಯಾಗಿ ಕೂತೆ. ಹೆಸರು ಕೊರೆಯುವ ಕರೆಂಟಿನ ಕಡ್ಡಿ ಗರ್ರೆಂದಿತು. ಆ ಚರ್ಮದ ಕೆಳಗೆ ನಡುಕ ಇರುವೆ ಸಾಲಿನಂತೆ ಹರಿಯುವುದು ನನಗೆ ಗೊತ್ತಾಗುತ್ತಿತ್ತು. ನಾನು ಅದರ ಮೇಲೆ ಕೂತಿದ್ದೆ, ಅಷ್ಟೆ, ಬೇರೇನೂ ಮಾಡಲಿಲ್ಲ. ಅಕ್ಷರಗಳು ದುಂಡಗೆ, ಸಾಲಾಗಿ ಬಂದವು.

ಗಿರಾಕಿ ಹೋದರು. ಚನ್ನವೀರಪ್ಪನವರು ಕೈ ನೋಡಿಕೊಂಡರು. ನನ್ನನ್ನು ಬಿಚ್ಚಿಟ್ಟು ಹಳೆಯ ಮುಚ್ಚಳವೊಂದರ ಮೇಲೆ ತಮ್ಮ ಹೆಸರು ಕೊರೆದರು, ಗೆರೆ ಹಾವಿನಂತೆ ಹರಿದಾಡಿತು. ನನ್ನನ್ನು ಕಟ್ಟಿಕೊಂಡು ಅದರ ಕೆಳಗೇ ಕೊರೆದರು, ನೆಟ್ಟಗೆ ಬಂತು. ಮುರಿಗೆಪ್ಪನವರನ್ನು ಕರೆದು ಮುಚ್ಚಳ ತೋರಿಸಿದರು. ಅವರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು, ತಲೆ ಕೆರೆದುಕೊಂಡರು.

"ಏನು ವಾಚೋ ಏನೋ. ಹಂಗಾರೆ ಮೆಷಿನ್ ಮಾತು ಸದ್ಯಕ್ಕೆ ಬ್ಯಾಡ ಬಿಡ್ರಿ."

ಆ ವರ್ಷದ ಮದುವೆಗಳೆಲ್ಲ ನಮ್ಮ ಕೈಮೇಲೆ ಹಾದುಹೋದವು. ಬಲಗೈಗೆ ಯಾಕ್ರೀ ವಾಚು ಎಂದು ಕೇಳಿದವರಿಗೆ ಅವರು "ಅಳಿಯಾರು ಕೊಟ್ಟಿದ್ದು" ಎಂದು ಗತ್ತಿನಿಂದ ಹೇಳುತ್ತಿದ್ದರು. ಕೊಟ್ರೇಶನ ಕೈಗೆ ಬೇಡಿಯಾಗಿದ್ದ ನನ್ನ ತೂಕ ಗುಲಗಂಜಿಯಷ್ಟೂ ಇಳಿದಿರಲಿಲ್ಲ. ಈ ಕೈಗೆ ಅದೇ ಹಿತವಾಗಿತ್ತು. ನಾನಂತೂ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಓಡಿದೆ, ಯಾಕೆಂದರೆ ಕೈ ನಡುಗಿದಷ್ಟೂ ನನಗೆ ಕೀಲಿ ಬೀಳುತ್ತಿತ್ತು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.

ನಡುಕಕ್ಕೆ ನಾನು ಔಷಧಿಯಲ್ಲ. ಮುಂದಿನ ವರ್ಷ ಅದು ನನಗಿಂತ ಭಾರವಾಯಿತು. ನಾಗರತ್ನ ಎನ್ನುವ ಹೆಂಗಸು ತಂಗಿಯ ಮಗಳ ಮದುವೆಗೆಂದು ಹಿತ್ತಾಳೆಯ ತಂಬಿಗೆ ಕೊಂಡು, ಹೆಸರು ಹಾಕಿಸಲು ಎದುರು ನಿಂತಿದ್ದರು. ಕೊನೆಯ ಅಕ್ಷರದ ಒತ್ತು ಬರುವಾಗ ಕೈ ಝಾಡಿಸಿತು. ನಾನು ಇದ್ದೂ ಝಾಡಿಸಿತು. ಗೆರೆ ಸೊಟ್ಟಗೆ ಪಕ್ಕಕ್ಕೆ ಹರಿಯಿತು.

"ಇರ್ಲಿ ಬಿಡ್ರಿ ಅಣ್ಣಾರ, ಯಾರು ಅಷ್ಟು ನೋಡ್ತಾರೆ," ಎಂದರು ನಾಗರತ್ನ.

"ನಾನು ನೋಡ್ತೀನಲ್ಲ ತಾಯಿ."

ಚನ್ನವೀರಪ್ಪನವರು ಇನ್ನೊಂದು ತಂಬಿಗೆ ತರಿಸಿದರು. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತು, ಉಸಿರು ನಿಧಾನವಾದ ಮೇಲೆ ಮತ್ತೆ ಬರೆದರು. ಈ ಸಲ ಅಕ್ಷರ ಎಂದಿನ ಹಾಗೆ ಬಂತು. ಒರೆಸಿ ಕೊಟ್ಟರು. ಆಮೇಲೆ ಪ್ಲಗ್ ಕಿತ್ತು, ಕಡ್ಡಿಗೆ ವೈರನ್ನು ಒಪ್ಪವಾಗಿ ಸುತ್ತಿ, ಮುರಿಗೆಪ್ಪನವರ ಮುಂದಿಟ್ಟರು. "ನಿಮ್ಮ ಮೆಷಿನ್ ತರಿಸ್ರಿ ಸಾಹುಕಾರ್ರ," ಎಂದರು. ಸೊಟ್ಟ ಹೆಸರಿನ ತಂಬಿಗೆಯನ್ನು ದುಡ್ಡು ಕೊಟ್ಟು ತಾವೇ ಕೊಂಡು ಮನೆಗೆ ತಂದರು.

ಹೆಂಡತಿ ಹಾಲಮ್ಮ ಅದನ್ನು ಬೆಳಕಿಗೆ ಹಿಡಿದು ಓದಿದರು.

"ಯಾರ್ರೀ ಈ ನಾಗರತ್ನ? ಈ ವಯಸ್ಸಿನಾಗೆ ಯಾರದೋ ತಂಬಿಗೆ ಹೊತ್ಕಂಡು ಬಂದೀರಲ್ಲ?"

ಚನ್ನವೀರಪ್ಪನವರು ನಕ್ಕರು. ನಗುತ್ತಲೇ ಕಣ್ಣು ತುಂಬಿ ಬಂತು. "ಇನ್ನು ಬರಿಯಾಕೆ ಆಗಲ್ಲ ಕಣೆ," ಎಂದರು.

ಹಾಲಮ್ಮ ಸ್ವಲ್ಪ ಹೊತ್ತು ಆ ಸೊಟ್ಟ ಒತ್ತನ್ನೇ ನೋಡಿದರು. ಒಳಗೆ ಹೋಗಿ ತಂಬಿಗೆ ತೊಳೆದು ನೀರು ತುಂಬಿ ತಂದು ಮುಂದಿಟ್ಟರು.

"ಅಕ್ಷರ ಸೊಟ್ಟ ಆಗೈತಿ, ನೀರೇನು ಸೋರಲ್ಲಲ್ಲ. ಕುಡೀರಿ."

ಈಗ ನಾನು ಇರುವುದು ಅವರ ಅಡುಗೆಮನೆಯ ಗೂಡಿನಲ್ಲಿ. ಗಾಜಿನ ಮೇಲೆ ಗೀರುಗಳು ಬಿದ್ದಿವೆ. ಗಂಟೆ ಎಷ್ಟೆಂದು ನನ್ನನ್ನು ಯಾರೂ ಕೇಳುವುದಿಲ್ಲ, ನಾನೂ ಈಗ ಸರಿಯಾಗಿ ಹೇಳುವುದಿಲ್ಲ. ಊಟದ ಹೊತ್ತಿಗೆ ಹಾಲಮ್ಮ ನನ್ನನ್ನು ತೆಗೆದು ಗಂಡನ ಬಲಗೈಗೆ ಕಟ್ಟುತ್ತಾರೆ. ಚನ್ನವೀರಪ್ಪನವರು ಆ ತಂಬಿಗೆಯನ್ನು ಬಾಯಿಗೆ ತಾಗಿಸದೆ ಎತ್ತಿ ಕುಡಿಯುತ್ತಾರೆ, ಹಿಂದಿನಿಂದ ಬಂದ ಅಭ್ಯಾಸ, ಬಿಡಲು ಒಪ್ಪುವುದಿಲ್ಲ. ಕುಡಿದು ಮುಗಿಯುವವರೆಗೆ ಹಾಲಮ್ಮ ಬೇಕೆಂದೇ ಬೇರೆ ಕಡೆ ನೋಡುತ್ತ ಕೂತಿರುತ್ತಾರೆ. ನೀರು ಚೆಲ್ಲಿದರೆ ಮೊದಲು ತೋಯುವುದು ನಾನೇ. ಇವತ್ತು ತೋಯಲಿಲ್ಲ.